ಮೇಲೇಳುವ ಛಾವಣಿಯ ಕ್ಯಾಂಪರ್: ಹಳೆಯ ಪಿಕಪ್ ಕೊಳ್ಳುವುದರಿಂದ ಕಲ್ಲುದಾರಿಗೆ ಇಳಿಸುವವರೆಗೆ

ಕಳೆದ ಬೇಸಿಗೆಯಿಂದ ಈಚೆಗೆ ನಾಲ್ವರು ನನಗೆ ಹೆಚ್ಚುಕಡಿಮೆ ಒಂದೇ ಫೋಟೊ ಕಳುಹಿಸಿದ್ದಾರೆ. ಪಿಕಪ್ ಮೇಲೆ ಕೂರಿಸಿದ ಪೆಟ್ಟಿಗೆ, ಅದರ ಮುಂದಿನ ಮೂಲೆಯಲ್ಲಿ ಬೆಸುಗೆ ಬಿಟ್ಟು ಬೆರಳು ತೂರುವಷ್ಟು ಬಿರುಕು. ಒಬ್ಬರದು ಪಾವಗಡದ ದಾರಿಯಲ್ಲಿ, ಇನ್ನೊಬ್ಬರದು ಬಾಗೇಪಲ್ಲಿ ದಾಟಿದ ಮೇಲೆ, ಉಳಿದಿಬ್ಬರದು ಮನೆಯಿಂದ 50 ಕಿಲೋಮೀಟರ್ ಕೂಡ ಹೋಗುವ ಮೊದಲೇ. ಯಾವ ವೆಲ್ಡಿಂಗ್ ರಾಡ್ ಬಳಸಬೇಕಿತ್ತು ಎಂಬುದೇ ನಾಲ್ವರ ಪ್ರಶ್ನೆ. ಪಾಪ, ರಾಡಿನ ತಪ್ಪೇನೂ ಇಲ್ಲ. ಹಾಸಿಗೆ, ದೀಪ, ಫ್ಯಾನು ಮೊದಲು ಕೊಂಡು, ಅವಕ್ಕೆ ತಕ್ಕ ಪೆಟ್ಟಿಗೆ ಮಾಡಿಸಿ, ಪೆಟ್ಟಿಗೆಗೆ ತಕ್ಕ ವಾಹನ ಹುಡುಕಿ, ಕೊನೆಗೆ ಕಾಗದಪತ್ರ ನೋಡಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು: ಕಾಗದ, ಚಾಸಿ (ವಾಹನದ ಅಡಿಯ ಉಕ್ಕಿನ ಚೌಕಟ್ಟು), ತೂಕ, ಜೋಡಣೆ, ಆಮೇಲೆ ಛಾವಣಿ, ಎಲ್ಲ ಮುಗಿದ ಮೇಲೆ ಹಾಸಿಗೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ನಮ್ಮ ಕಡೆ ಕ್ಯಾಂಪರ್ ಎಂದರೆ ಐದು ಸೀಟಿನ ಬೊಲೆರೊ ಕ್ಯಾಂಪರ್. ಇಲ್ಲಿ ಹೇಳುತ್ತಿರುವುದು ಪಿಕಪ್ ಬಾಡಿಯ ಮೇಲೆ ಕೂರುವ ಮಲಗುವ ಪೆಟ್ಟಿಗೆಯ ವಿಷಯ. ಓಡುವಾಗ ಅದರ ಛಾವಣಿ ತಗ್ಗಿರುತ್ತದೆ. ನಿಲ್ಲಿಸಿದ ಮೇಲೆ ಎತ್ತಿದರೆ ಕ್ಯಾನ್ವಾಸ್ ಗೋಡೆ ಬಿಚ್ಚಿಕೊಂಡು ಒಳಗೆ ನೆಟ್ಟಗೆ ನಿಲ್ಲಬಹುದು.

ಹಂತ 1: ಬೇಕಾದ ಸಾಮಾನು

ವಾಹನ ನೋಡಲು ಹೋಗುವಾಗ ಕೈಚೀಲದಲ್ಲಿ ಇರಬೇಕಾದವು: ಟಾರ್ಚ್, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಪುಟ್ಟ ಸುತ್ತಿಗೆ, ಅಳತೆ ಟೇಪು, ಸೀಸದ ಕಡ್ಡಿ, ಬಿಳಿ ಹಾಳೆ, ಕೆಳಗೆ ಹಾಸಿಕೊಂಡು ಮಲಗಲು ಹಳೆಯ ಗೋಣಿಚೀಲ. ಗೋಣಿಚೀಲ ತರದವರು ಚಾಸಿ ನೋಡುವುದಿಲ್ಲ, ಇದು ನಾನು ಕಂಡ ಸತ್ಯ. ಬಿಳಿ ಅಂಗಿ ಹಾಕಿಕೊಂಡು ಹೋದವರು ಬಾನೆಟ್ ಎತ್ತಿ, ಹಾರ್ನ್ ಒತ್ತಿ, ಮುಂಗಡ ಕೊಟ್ಟು ಬರುತ್ತಾರೆ.

ಕೆಲಸ ಶುರುವಾದ ಮೇಲೆ ಬೇಕಾಗುವವು: ಮಲ್ಟಿಮೀಟರ್, ಸ್ಪ್ಯಾನರ್ ಸೆಟ್, ರಿವೆಟ್ ಗನ್, ಮೂಲೆಮಟ್ಟ, ಕೊಕ್ಕೆ ತಕ್ಕಡಿ, ಒಂದು ಸಣ್ಣ ಡಬ್ಬಿ ಹಳದಿ ಬಣ್ಣ. ಬಣ್ಣ ಯಾಕೆ ಎಂಬುದು ಕೊನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 2: ಯಾವ ವಾಹನ, ಅದು ಹಿಂದೆ ಏನು ಹೊತ್ತಿತ್ತು

ಇಬ್ಬರು ಮಲಗಲು ಸಿಂಗಲ್ ಕ್ಯಾಬಿನ್ ಪಿಕಪ್ ಸಾಕು, ಅದೇ ಒಳ್ಳೆಯದು ಕೂಡ. ಡಬಲ್ ಕ್ಯಾಬಿನ್ ವಾಹನದಲ್ಲಿ ಸೀಟು ಹೆಚ್ಚು, ಆದರೆ ಹಿಂದಿನ ಬಾಡಿ ಕಾಲು ಚಾಚಿ ಮಲಗುವಷ್ಟು ಉದ್ದವಿರುವುದಿಲ್ಲ. ಕೊರತೆಯನ್ನು ತುಂಬಲು ಪೆಟ್ಟಿಗೆಯನ್ನು ಹಿಂದಕ್ಕೆ ಚಾಚಿಸುವವರಿದ್ದಾರೆ. ಬಾಡಿಯ ಅಂಚು ದಾಟಿ ಹೊರಗೆ ಚಾಚುವುದು ಕಾನೂನಿಗೂ ವಿರುದ್ಧ, ಹಳ್ಳ ಹತ್ತಿ ಇಳಿಯುವಾಗ ನೆಲಕ್ಕೆ ತಾಗುವುದೂ ಖಂಡಿತ. ಟಾಟಾ ಏಸ್‌ನ ಬಾಡಿ ಸುಮಾರು 7 ಅಡಿ ಉದ್ದ, ಮಲಗಲು ಸಾಲುತ್ತದೆ. ಆದರೆ ಅದರ 12 ಅಂಗುಲದ ಚಕ್ರ ಗುಂಡಿಗೆ ಇಳಿದರೆ ಮೇಲೇಳಲು ಹೆಣಗುತ್ತದೆ. ಟಾರು ರಸ್ತೆಯಲ್ಲೇ ಸುತ್ತುವುದಾದರೆ ಸರಿ. ಮಧುಗಿರಿ, ಗುಡಿಬಂಡೆ ಕಡೆಯ ಹಾಸುಬಂಡೆಯ ದಾರಿಗೆ ಬೊಲೆರೊ ಪಿಕಪ್ ಅಥವಾ ಟಾಟಾ ಯೋಧದಂಥದ್ದನ್ನೇ ನೋಡಿ.

ಮೀಟರ್ ತೋರಿಸುವ ಕಿಲೋಮೀಟರ್‌ಗಿಂತ ವಾಹನ ಇಷ್ಟು ವರ್ಷ ಏನು ಹೊತ್ತಿತ್ತು ಎಂಬುದು ಮುಖ್ಯ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಗಳಲ್ಲಿ ಅದನ್ನು ಪತ್ತೆ ಮಾಡುವುದು ಕಷ್ಟವಲ್ಲ.

ಕೋಲಾರದ ಟೊಮೆಟೊ ಗಾಡಿಯ ಗುರುತು ಬಾಡಿಯ ನೆಲದಲ್ಲಿರುತ್ತದೆ. ಕ್ರೇಟ್‌ಗಳಿಂದ ಸೋರಿದ ಹುಳಿರಸ ತಗಡಿನ ಸಂದುಗಳಲ್ಲಿ ನಿಂತು ಒಳಗಿನಿಂದ ತಿನ್ನುತ್ತದೆ. ಮೇಲೆ ಹೊಸ ಬಣ್ಣ ಬಳಿದಿದ್ದರೂ ಅಡ್ಡಪಟ್ಟಿಗಳ ಅಡಿಯಲ್ಲಿ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಒದ್ದೆ ಮಣ್ಣಿಗೆ ಹೊಡೆದಂತೆ ದಪ್ಪನೆ ಸದ್ದು ಮಾಡುತ್ತದೆ. ಇಂಥ ಗಾಡಿಗಳು ರಾತ್ರಿಯಿಡೀ ಚೆನ್ನೈ ದಾರಿಯಲ್ಲಿ ಓಡಿದವು. ಎಂಜಿನ್ ಚೆನ್ನಾಗಿಯೇ ಇರಬಹುದು, ಬಾಡಿ ಮುಗಿದಿರುತ್ತದೆ.

ಜಲ್ಲಿ, ಸೈಜುಗಲ್ಲು ಹೊತ್ತ ಗಾಡಿಯನ್ನು ನಾನಂತೂ ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ. ಚಾಸಿ ಕಮಾನಿನಂತೆ ಬಾಗಿರುತ್ತದೆ, ಬ್ಲೇಡ್‌ಗಳು (ಹೊರೆ ತಾಳುವ ಬಾಗಿದ ಸ್ಪ್ರಿಂಗ್ ಪಟ್ಟಿಗಳು) ನೆಟ್ಟಗಾಗಿರುತ್ತವೆ, ಹೆಚ್ಚುವರಿ ಬ್ಲೇಡ್ ಕೂರಿಸಿದ ಗುರುತೂ ಸಿಗುತ್ತದೆ.

ಹುಡುಕಬೇಕಾದದ್ದು ಶಿಡ್ಲಘಟ್ಟದ ಕಡೆಯ ರೇಷ್ಮೆಗೂಡಿನ ಗಾಡಿ. ಗೂಡು ಜಾಗ ತುಂಬುತ್ತದೆ, ತೂಕ ಹೇರುವುದಿಲ್ಲ. ಬಾಡಿಯ ಮೂಲೆಗಳಲ್ಲಿ ನವಿರಾದ ರೇಷ್ಮೆ ಎಳೆ ಇನ್ನೂ ಅಂಟಿಕೊಂಡಿದ್ದರೆ ಸಂತೋಷಪಡಿ. ಹೂವಿನ ಗಾಡಿಯೂ ಹಗುರ ಹೊರೆಯದೇ. ಆದರೆ ಮಾರುಕಟ್ಟೆಯ ಹೊತ್ತಿಗೆ ತಲುಪಬೇಕೆಂದು ಅದನ್ನು ಅಟ್ಟಾಡಿಸಿರುತ್ತಾರೆ, ಕ್ಲಚ್ ಮತ್ತು ಬ್ರೇಕ್ ಚೆನ್ನಾಗಿ ಪರೀಕ್ಷಿಸಿ.

ಹಂತ 3: ಕಾಗದಪತ್ರ

ಬೆಲೆ ಮಾತಾಡುವ ಮೊದಲು ಆರ್‌ಸಿ, ಅಂದರೆ ನೋಂದಣಿ ಪತ್ರ, ಕೈಗೆ ತೆಗೆದುಕೊಳ್ಳಿ. ಚಾಸಿ ಮೇಲೆ ಕೊರೆದ ಸಂಖ್ಯೆಯ ಮೇಲೆ ಹಾಳೆ ಇಟ್ಟು ಸೀಸದ ಕಡ್ಡಿಯಿಂದ ಉಜ್ಜಿ, ಅಚ್ಚು ತೆಗೆದು, ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ. ಅಕ್ಷರಗಳ ಸಾಲು ಓರೆಯಾಗಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ ಅಲ್ಲಿಂದ ಹೊರಡಿ.

ನೋಂದಣಿ ಸಂಖ್ಯೆಯಿಂದ ಊರು ತಿಳಿಯುತ್ತದೆ: ಕೆಎ 06 ತುಮಕೂರು, 07 ಕೋಲಾರ, 08 ಕೆಜಿಎಫ್, 40 ಚಿಕ್ಕಬಳ್ಳಾಪುರ, 64 ಮಧುಗಿರಿ, 67 ಚಿಂತಾಮಣಿ. ಗಡಿ ಹತ್ತಿರವಿರುವುದರಿಂದ ಆಂಧ್ರದ ನೋಂದಣಿಯ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ. ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ, ಮರು ನೋಂದಣಿ ಎಲ್ಲ ಲೆಕ್ಕ ಹಾಕಿದ ಮೇಲೆ ಆ ಅಗ್ಗ ಎಷ್ಟು ಉಳಿಯುತ್ತದೆ ನೋಡಿಕೊಳ್ಳಿ.

ಸಾಲದಲ್ಲಿ ಕೊಂಡ ವಾಹನವಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರಿರುತ್ತದೆ. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಸಾಲ ಕೊಟ್ಟವರ ಪತ್ರ ಮತ್ತು ನಮೂನೆ 35 ಬೇಕು. ವರ್ಗಾವಣೆಗೆ ನಮೂನೆ 29 ಮತ್ತು 30. ರಾಜ್ಯದೊಳಗೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಲೂ 14 ದಿನವೇ ಗಡುವು. ಖಾಲಿ ನಮೂನೆಗೆ ಸಹಿ ಹಾಕಿಸಿಕೊಂಡು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಎರಡು ವರ್ಷ ಇಟ್ಟುಕೊಳ್ಳುವ ಚಾಳಿ ಬೇಡ. ಫಾಸ್ಟ್‌ಟ್ಯಾಗ್ ಯಾರ ಹೆಸರಿನಲ್ಲಿದೆ, ಬಾಕಿ ದಂಡ ಎಷ್ಟಿದೆ ಎಂಬುದನ್ನೂ ಅಂದೇ ನೋಡಿ.

ಹಳದಿ ಫಲಕದ ಸರಕು ವಾಹನಕ್ಕೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಬೇಕು. ಆದ್ದರಿಂದ 6 ವರ್ಷದೊಳಗಿನದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇನ್ನು ಚಾಲನಾ ಪರವಾನಗಿಯ ಅಂಜಿಕೆ ಬೇಡ. ಒಟ್ಟು ತೂಕ 7,500 ಕೆಜಿ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದು ಎಂಬುದನ್ನು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಎತ್ತಿಹಿಡಿದಿದೆ.

ಈಗ ಎಲ್ಲರೂ ಎಡವುವ ಜಾಗ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಕಟ್ಟುನಿಟ್ಟಾಗಿ ಹೇಳಿತು. ಮೀರಿದರೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಸೆರೆ, ಅಥವಾ ಎರಡೂ. ಓಮ್ನಿ ಅಥವಾ ಇಕೊದ ಛಾವಣಿ ಕೊಯ್ದು ಮೇಲೇಳುವಂತೆ ಮಾಡಿಸಬಹುದೇ ಎಂದು ಕೇಳುವವರಿಗೆಲ್ಲ ಇದೇ ಉತ್ತರ: ಕೊಯ್ಯಬೇಡಿ. ಛಾವಣಿ ಕೊಯ್ದರೆ ವಾಹನದ ಬಿಗಿಯೂ ಹೋಗುತ್ತದೆ, ಅಪಘಾತವಾದರೆ ವಿಮಾ ಕಂಪನಿಗೆ ಕೈಯೆತ್ತಲು ಕಾರಣವೂ ಸಿಗುತ್ತದೆ.

ಅದಕ್ಕೇ ನಾನು ಪಿಕಪ್ ಮತ್ತು ಕಳಚುವ ಪೆಟ್ಟಿಗೆ ಎನ್ನುತ್ತಿರುವುದು. ನಾಲ್ಕು ಬೋಲ್ಟ್ ಬಿಚ್ಚಿ, ನಾಲ್ಕು ಜನ ಹಿಡಿದು ಇಳಿಸಿದರೆ ಅಡಿಯಲ್ಲಿ ಕಂಪನಿಯಿಂದ ಬಂದ ವಾಹನ ಹಾಗೆಯೇ ಇರಬೇಕು. ಎಫ್‌ಸಿಗೆ ಹೋಗುವಾಗ ಪೆಟ್ಟಿಗೆ ಮನೆಯಲ್ಲಿ. ಕೆಲಸ ಶುರು ಮಾಡುವ ಮುನ್ನ ನಕ್ಷೆಯನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿ ನಿಮ್ಮ ಆರ್‌ಟಿಒದ ಮೋಟಾರು ವಾಹನ ನಿರೀಕ್ಷಕರಿಗೆ ತೋರಿಸಿ. ಅರ್ಧ ದಿನ ಹೋಗುತ್ತದೆ, ಹೋಗಲಿ. ವಾಹನ ಚಲಿಸುವಾಗ ಪೆಟ್ಟಿಗೆಯೊಳಗೆ ಯಾರೂ ಇರಕೂಡದು, ಮಕ್ಕಳು ಹಟ ಹಿಡಿದರೂ ಸರಿ.

ಹಂತ 4: ಗೋಣಿಚೀಲ ಹಾಸಿ ಅಡಿಗೆ ನುಗ್ಗುವುದು

ಬೆಳಗ್ಗೆ ಬೇಗ ಹೋಗಿ, ಎಂಜಿನ್ ತಣ್ಣಗಿರುವಾಗ. ನೀವು ಮುಟ್ಟುವಷ್ಟರಲ್ಲಿ ಬಾನೆಟ್ ಬೆಚ್ಚಗಿದ್ದರೆ ತಣ್ಣನೆಯ ಸ್ಟಾರ್ಟ್ ತೋರಿಸಲು ಮಾರುವವರಿಗೆ ಇಷ್ಟವಿಲ್ಲ ಎಂದರ್ಥ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿದರೆ ಕುಕ್ಕರ್ ಸೀಟಿಯಂತೆ ಆವಿ ನುಗ್ಗಬಾರದು. 2020ರ ಏಪ್ರಿಲ್ ನಂತರದ, ಬಿಎಸ್ 6 ಹೊಗೆ ನಿಯಮದ ಡೀಸೆಲ್ ಆದರೆ ಡ್ಯಾಶ್‌ಬೋರ್ಡ್‌ನಲ್ಲಿ ಹೊಗೆ ಸೋಸುವ ಫಿಲ್ಟರ್‌ನ ದೀಪ ಉರಿಯುತ್ತಿದೆಯೇ ನೋಡಿ.

ಎಂಜಿನ್ ಬಗ್ಗೆ ಇಷ್ಟೇ ಸಾಕು. ಒಳ್ಳೆಯ ಮೆಕ್ಯಾನಿಕ್ ಸಿಕ್ಕರೆ ಅದು ರಿಪೇರಿಯಾಗುತ್ತದೆ. ಚಾಸಿ ಹಾಗಲ್ಲ.

ಅಡಿಗೆ ನುಗ್ಗಿ ಎರಡೂ ಉದ್ದನೆಯ ತೊಲೆಗಳನ್ನು ಟಾರ್ಚ್ ಬೆಳಕಿನಲ್ಲಿ ಮುಂದಿನಿಂದ ಹಿಂದಿನವರೆಗೆ ನೋಡಿ. ಬೆಳಕನ್ನು ನೇರವಾಗಿ ಬಿಡದೆ ತೊಲೆಯ ಉದ್ದಕ್ಕೂ ಓರೆಯಾಗಿ ಬಿಟ್ಟರೆ ಅಲೆ, ಬಾಗು, ಹಳೆಯ ಬೆಸುಗೆಯ ಉಬ್ಬು ನೆರಳಾಗಿ ಕಾಣುತ್ತವೆ. ಕ್ಯಾಬಿನ್ ಮುಗಿದು ಬಾಡಿ ಶುರುವಾಗುವ ಜಾಗದಲ್ಲಿ ಎರಡು ನಿಮಿಷ ಹೆಚ್ಚು ಕಳೆಯಿರಿ, ಅತಿ ಹೊರೆಯ ಬಿರುಕು ಹುಟ್ಟುವುದು ಅಲ್ಲೇ. ತೊಲೆಯ ಮೇಲೆ ತಗಡಿನ ತೇಪೆ ಕಂಡರೆ ಬೇರೇನೂ ನೋಡುವ ಅಗತ್ಯವಿಲ್ಲ, ಎದ್ದು ಮೈ ಕೊಡವಿಕೊಳ್ಳಿ. ಒಂದು ಮಾತು: ಅಡಿಭಾಗಕ್ಕೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದು ನಿಲ್ಲಿಸಿದ್ದರೆ ಅದು ಪ್ರೀತಿಯಿಂದ ಬಳಿದದ್ದಾಗಿರುವುದು ಅಪರೂಪ.

ಕ್ಯಾಬಿನ್‌ನ ಕಂಬಗಳಿಗೆ, ಬಾಗಿಲ ಅಂಚಿಗೆ ಅಯಸ್ಕಾಂತ ಹಿಡಿಯಿರಿ. ಹಿಡಿಯದೆ ಜಾರಿದ ಕಡೆ ಪುಟ್ಟಿ ತುಂಬಿದೆ. ಹಿಂದಿನ ಬ್ಲೇಡ್‌ಗಳನ್ನು ಬೆರಳಿನಿಂದ ಸವರಿ, ಕೂದಲೆಳೆಯಂಥ ಸೀಳು ಕೈಗೆ ಸಿಗುತ್ತದೆ. ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಬಾಡಿ ಅಂಚಿಗೆ ಟೇಪು ಹಿಡಿದು ಅಳೆಯಿರಿ. ಬೆರಳಗಲಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಕಡೆ ಕುಸಿದಿದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೀರು ಎಷ್ಟೇ ಆಳವಿರಲಿ, ಆರು ವರ್ಷ ದಾಟಿದ್ದರೆ ಹೊಸ ಟೈರಿನ ಬೆಲೆಯನ್ನು ವಾಹನದ ಬೆಲೆಯಿಂದ ಕಳೆದು ಮಾತಾಡಿ.

ಯಾರೋ ಮಾಡಿಸಿ ಮಾರುತ್ತಿರುವ ಸಿದ್ಧ ಪೆಟ್ಟಿಗೆ ಕೊಳ್ಳುವುದಾದರೆ ಕಣ್ಣಿಗಿಂತ ಮೂಗನ್ನು ನಂಬಿ. ಬಾಗಿಲು ಮುಚ್ಚಿ ಹತ್ತು ನಿಮಿಷ ಒಳಗೆ ಕುಳಿತರೆ ಮುಗ್ಗಲು ವಾಸನೆ ತಾನೇ ಹೇಳುತ್ತದೆ. ಮೂಲೆಗಳಲ್ಲಿ ನೆಲವನ್ನು ಹಿಮ್ಮಡಿಯಿಂದ ಒತ್ತಿ, ಮೆತ್ತಗಾದರೆ ಪ್ಲೈವುಡ್ ಪದರ ಬಿಟ್ಟಿದೆ. ಕ್ಯಾನ್ವಾಸ್‌ನ ಮಡಿಕೆಯ ಗೆರೆಗಳನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಚುಕ್ಕಿಗಳು ಕಾಣಬಹುದು. ಬಟ್ಟೆ ಬದಲಿಸಬಹುದು, ನೆಲ ಹೋಗಿದ್ದರೆ ಬೇಡ.

ಹಂತ 5: ತೂಕದ ಲೆಕ್ಕ

ವಾಹನ ಮನೆಗೆ ಬಂದ ಮೇಲೆ ಮೊದಲ ಪ್ರಯಾಣ ವೇಬ್ರಿಡ್ಜ್‌ಗೆ, ಲಾರಿ ತೂಗುವ ಕಟ್ಟೆಗೆ. ಡೀಸೆಲ್ ತುಂಬಿಸಿ ಮೂರು ಚೀಟಿ ಮಾಡಿಸಿ: ಇಡೀ ವಾಹನ, ಮುಂದಿನ ಚಕ್ರಗಳು ಮಾತ್ರ, ಹಿಂದಿನ ಚಕ್ರಗಳು ಮಾತ್ರ. ವೇಬ್ರಿಡ್ಜಿನವರು ವಿಚಿತ್ರವಾಗಿ ನೋಡುತ್ತಾರೆ, ಪರವಾಗಿಲ್ಲ.

ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಈ ಚೀಟಿಯ ತೂಕ ಕಳೆದರೆ ಹೊರಬಹುದಾದ ಹೊರೆ ಸಿಗುತ್ತದೆ. ಟಾರು ರಸ್ತೆಗೆ ಅದು ಸರಿ. ಒರಟು ದಾರಿಗೆ ನಾನು ಅದರ ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ, ಅದರಲ್ಲೇ ನಿಮ್ಮಿಬ್ಬರ ತೂಕವೂ ಸೇರಬೇಕು. ಪಿಕಪ್ ಟನ್ನುಗಟ್ಟಲೆ ಹೊರುತ್ತದಲ್ಲ ಎನ್ನುವವರಿಗೆ: ಟೊಮೆಟೊ ಕ್ರೇಟ್‌ನ ಭಾರ ಬಾಡಿಯ ನೆಲದಲ್ಲಿ ಕೂರುತ್ತದೆ, ಪೆಟ್ಟಿಗೆಯ ಭಾರ ಎದೆಯೆತ್ತರದಲ್ಲಿ ತೂಗಾಡುತ್ತದೆ. ಕೆರೆ ಏರಿಯ ಮೇಲೆ ಒಂದು ಚಕ್ರ ತಗ್ಗಿಗೆ ಇಳಿದಾಗ ವ್ಯತ್ಯಾಸ ಹೊಟ್ಟೆಗೆ ಗೊತ್ತಾಗುತ್ತದೆ.

ಕೆಲವು ಅಂಕಿ ಬರೆದಿಟ್ಟುಕೊಳ್ಳಿ. 8 ಅಡಿಗೆ 4 ಅಡಿಯ 12 ಮಿಲಿಮೀಟರ್ ಪ್ಲೈವುಡ್ ಹಾಳೆ ಸುಮಾರು 23 ಕೆಜಿ, 18 ಮಿಲಿಮೀಟರ್‌ನದು 35 ಕೆಜಿ. 25 ಮಿಲಿಮೀಟರ್ ಚೌಕ ಕಬ್ಬಿಣದ ಪೈಪು, ಗೋಡೆ 1.6 ಮಿಲಿಮೀಟರ್ ಆದರೆ, ಮೀಟರಿಗೆ 1.2 ಕೆಜಿ. ಅದೇ ಅಳತೆಯ ಅಲ್ಯೂಮಿನಿಯಂ 400 ಗ್ರಾಂ. ಪೆಟ್ಟಿಗೆಗೆ 40 ಮೀಟರ್ ಪೈಪು ಬೇಕಾದರೆ ಒಂದು 48 ಕೆಜಿ, ಇನ್ನೊಂದು 16. 20 ಲೀಟರ್ ನೀರಿನ ಕ್ಯಾನು 20 ಕೆಜಿ. ಮನೆಯ ಇನ್ವರ್ಟರ್‌ನ 150 ಆಂಪಿಯರ್ ಅವರ್ ಟ್ಯೂಬ್ಯುಲರ್ ಬ್ಯಾಟರಿ 50 ಕೆಜಿ ದಾಟುತ್ತದೆ. ಹೇಗೂ ಮನೆಯಲ್ಲಿ ಬಿದ್ದಿದೆ ಎಂದು ಅದನ್ನು ಏರಿಸಿದವರು ನನಗೆ ಫೋಟೊ ಕಳುಹಿಸಿದ ನಾಲ್ವರಲ್ಲಿ ಇಬ್ಬರು.

ನನ್ನ ತಪ್ಪನ್ನೂ ಹೇಳುತ್ತೇನೆ. ಮೊದಲ ಪೆಟ್ಟಿಗೆಯಲ್ಲಿ ನೀರು, ಬ್ಯಾಟರಿ, ಅಡುಗೆ ಸಾಮಾನು ಮೂರನ್ನೂ ಎಡಗಡೆ ಇಟ್ಟಿದ್ದೆ, ಬಾಗಿಲು ಆ ಕಡೆ ಇದ್ದುದರಿಂದ ಕೈಗೆಟುಕಲೆಂದು. ಗುಡಿಬಂಡೆಯ ಅಮಾನಿ ಭೈರಸಾಗರದ ಕಡೆ ಹೋಗಿ ಹಿಂತಿರುಗುವಾಗ ಎಡಗಡೆಯ ಮುಖ್ಯ ಬ್ಲೇಡ್ ತುಂಡಾಯಿತು. ಟ್ರ್ಯಾಕ್ಟರ್ ಬರುವವರೆಗೆ ಮೂರು ಗಂಟೆ ಹುಣಸೆ ಮರದ ನೆರಳಿನಲ್ಲಿ ಕುಳಿತು ಹಾಳೆಯ ಮೇಲೆ ಎಡ, ಬಲ ಎಂದು ಕೂಡಿ ನೋಡಿದೆ. ಎಡಕ್ಕೆ 90 ಕೆಜಿ ಹೆಚ್ಚಿತ್ತು.

ಹಂತ 6: ಪೆಟ್ಟಿಗೆಯನ್ನು ವಾಹನಕ್ಕೆ ಜೋಡಿಸುವುದು

ಆ ನಾಲ್ಕು ಬಿರುಕುಗಳ ಗುಟ್ಟು ಇಲ್ಲಿದೆ. ಗುಂಡಿಯ ದಾರಿಯಲ್ಲಿ ಪಿಕಪ್‌ನ ಚಾಸಿ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಕ್ಯಾಬಿನ್ ಒಂದು ಕಡೆ ವಾಲಿದರೆ ಬಾಡಿ ಇನ್ನೊಂದು ಕಡೆ ವಾಲುತ್ತದೆ. ಕಂಪನಿಯವರು ಅವೆರಡರ ನಡುವೆ ಸಂದು ಬಿಟ್ಟಿರುವುದು ಅದಕ್ಕೇ. ಪೆಟ್ಟಿಗೆಯನ್ನು ಎರಡಕ್ಕೂ ಕಚ್ಚಿಸಿದರೆ, ಅಥವಾ ಬಾಡಿಯ ಸುತ್ತ ವೆಲ್ಡ್ ಮಾಡಿಸಿದರೆ, ತಿರುಚುವ ಬಲವೆಲ್ಲ ಪೆಟ್ಟಿಗೆಯ ಮೂಲೆಗೆ ಬರುತ್ತದೆ. ಇನ್ನೂ ದಪ್ಪ ರಾಡ್ ಹಾಕಿ ಬೆಸೆದರೆ ಬಿರುಕು ಪಕ್ಕಕ್ಕೆ ಸರಿಯುತ್ತದೆ, ಅಷ್ಟೆ.

ಮಾಡಬೇಕಾದದ್ದು ಹೀಗೆ. ಪೆಟ್ಟಿಗೆಯ ತಳಚೌಕಟ್ಟನ್ನು ಬಾಡಿಯ ನೆಲದ ಮೇಲೆ ನಾಲ್ಕೇ ಬಿಂದುಗಳಲ್ಲಿ ಕೂರಿಸಿ. ಮುಂದಿನ ಎರಡು ಬಿಂದುಗಳಲ್ಲಿ ತೆಳುವಾದ ರಬ್ಬರ್ ಪ್ಯಾಡ್ ಇಟ್ಟು ಬಿಗಿಯಾಗಿ ಬೋಲ್ಟ್ ಹಾಕಿ. ಹಿಂದಿನ ಎರಡರಲ್ಲಿ ಒಂದು ಅಂಗುಲದಷ್ಟು ದಪ್ಪನೆಯ ರಬ್ಬರ್ ಬುಷ್ ಮೇಲೊಂದು ಕೆಳಗೊಂದು ಇಟ್ಟು, ಹಳೆಯ ಲಾರಿಗಳ ಎಂಜಿನ್ ಮೌಂಟಿಂಗ್‌ನಂತೆ, ಸ್ವಲ್ಪ ಉಸಿರಾಡಲು ಬಿಡಿ. ನಟ್ ಎಲ್ಲವೂ ನೈಲಾನ್ ಬಳೆ ಇರುವ ಲಾಕ್‌ನಟ್ ಆಗಿರಲಿ. ಬೋಲ್ಟ್‌ಗೆ ಬಾಡಿಯ ಅಡ್ಡಪಟ್ಟಿ ಆಧಾರವಿರಬೇಕು. ಬರೀ ತಗಡಿಗೆ ಹಾಕಿದರೆ ಮೂರನೆಯ ಗುಂಡಿಗೆ ತೂತು ದೊಡ್ಡದಾಗುತ್ತದೆ. ಚಾಸಿ ತೊಲೆಗೆ ಮಾತ್ರ ಡ್ರಿಲ್ ತಾಗಿಸಲೇಬಾರದು. ಕ್ಯಾಬಿನ್ ಮತ್ತು ಪೆಟ್ಟಿಗೆಯ ನಡುವೆ ಕನಿಷ್ಠ ನಾಲ್ಕು ಬೆರಳು ಜಾಗ ಬಿಡಿ.

ಒಳಗೆ ಏನನ್ನೂ ಕಟ್ಟುವ ಮೊದಲು ತಿರುಚು ಪರೀಕ್ಷೆ ಮಾಡಿ. ಒಂದು ಹಿಂದಿನ ಚಕ್ರವನ್ನು ಒಂದಡಿ ಎತ್ತರದ ದಿಬ್ಬಕ್ಕೆ ಹತ್ತಿಸಿ, ಬ್ರೇಕ್ ಹಾಕಿ, ಗೇರಿನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಟ್ಟು ನಿಲ್ಲಿಸಿ. ಪೆಟ್ಟಿಗೆಯ ಬಾಗಿಲು ತೆರೆದು ಮುಚ್ಚಿ. ಚಿಲಕ ಸಲೀಸಾಗಿ ಬಿದ್ದರೆ ಜೋಡಣೆ ಸರಿ. ಬಾಗಿಲು ಚೌಕಟ್ಟಿಗೆ ಉಜ್ಜಿದರೆ ಹಿಂದಿನ ಬುಷ್ ಇನ್ನಷ್ಟು ಮೆತ್ತಗಿನದು ಬೇಕು. ಇನ್ನೊಂದು ಚಕ್ರಕ್ಕೂ ಹೀಗೆಯೇ. ಫ್ಯಾಬ್ರಿಕೇಷನ್ ಅಂಗಡಿಯವರು ಇದೆಲ್ಲ ಬೇಡ ಸಾರ್, ಎಂಟು ಕಡೆ ವೆಲ್ಡ್ ಹೊಡೆದುಬಿಡೋಣ, ಆನೆ ತುಳಿದರೂ ಅಲ್ಲಾಡುವುದಿಲ್ಲ ಎನ್ನುತ್ತಾರೆ. ಅಲ್ಲಾಡಬೇಕು ಎಂಬುದೇ ನಮ್ಮ ಬೇಡಿಕೆ ಎಂದು ತಾಳ್ಮೆಯಿಂದ ಹೇಳಿ, ಕೆಲಸ ಮುಗಿಯುವವರೆಗೆ ಅಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತಿರಿ.

ತಳಕ್ಕೆ ಕಬ್ಬಿಣ, ಮೇಲಿನ ಛಾವಣಿಗೆ ಅಲ್ಯೂಮಿನಿಯಂ, ಇದು ನನ್ನ ಆಯ್ಕೆ. ಎರಡೂ ಲೋಹ ತಾಗುವಲ್ಲಿ ರಬ್ಬರ್ ಪಟ್ಟಿ ಇಡದಿದ್ದರೆ ಮಳೆನೀರು ಸೇರಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಹೊರಗೋಡೆಗೆ ಅಂಗಡಿಗಳ ನಾಮಫಲಕಕ್ಕೆ ಬಳಸುವ 3 ಮಿಲಿಮೀಟರ್ ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ಪದರದ) ಹಾಳೆ ಸಾಕು. 12 ಮಿಲಿಮೀಟರ್ ಪ್ಲೈವುಡ್‌ನ ಹೆಚ್ಚುಕಡಿಮೆ ಅರ್ಧ ತೂಕ. ನಡುವೆ ಪ್ಲಾಸ್ಟಿಕ್ ಇರುವುದರಿಂದ ಅದು ಹೊತ್ತಿಕೊಳ್ಳುತ್ತದೆ ಎಂಬುದು ನೆನಪಿರಲಿ.

ಹಂತ 7: ಛಾವಣಿ ಮತ್ತು ಕ್ಯಾನ್ವಾಸ್

ಛಾವಣಿಯ ಕೀಲು ಮುಂದೆ, ಕ್ಯಾಬಿನ್ ಕಡೆ ಇರಲಿ. ಹಿಂದೆ ಕೀಲು ಇಟ್ಟು ಮುಂದೆ ತೆರೆಯುವಂತೆ ಮಾಡಿದರೆ ಹೆದ್ದಾರಿಯಲ್ಲಿ ಚಿಲಕ ಬಿಟ್ಟ ಗಳಿಗೆಯಲ್ಲೇ ಗಾಳಿ ತೂರಿ ಛಾವಣಿ ಕಿತ್ತುಹೋಗುತ್ತದೆ. ನಾಲ್ಕೂ ಕಡೆ ಸಮನಾಗಿ ಏಳುವ ಛಾವಣಿ ಚೆಂದ, ಆದರೆ ಒರಟು ದಾರಿಯಲ್ಲಿ ಅದರ ಕತ್ತರಿ ಕಾಲುಗಳು ಸಡಿಲಾಗುತ್ತವೆ. ಮೊದಲ ಸಲ ಮಾಡುವವರಿಗೆ ಬೇಡ.

ಎತ್ತಲು ಗ್ಯಾಸ್ ಶಾಕ್ ಬೇಕು, ಕಾರಿನ ಡಿಕ್ಕಿ ಬಾಗಿಲಿಗೆ ಇರುವಂಥದ್ದು. ಅದರ ಮೈಮೇಲೆ 400 ನ್ಯೂಟನ್ ಎಂದಿದ್ದರೆ ಸುಮಾರು 40 ಕೆಜಿ ತಳ್ಳುತ್ತದೆ. ಅಂದಾಜಿಗೆ ಕೊಳ್ಳಬೇಡಿ. ಛಾವಣಿ ಪೂರ್ತಿ ಸಿದ್ಧವಾದ ಮೇಲೆ, ಸೌರಫಲಕ ಹಾಕುವುದಿದ್ದರೆ ಹಾಕಿದ ಮೇಲೆ, ಹಿಂದಿನ ಅಂಚಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎತ್ತಿ ನೋಡಿ. ಅದು 15 ಕೆಜಿ ತೋರಿಸಿದರೆ ಛಾವಣಿಯ ತೂಕ 30ರ ಆಸುಪಾಸು. ಶಾಕ್ ಕೀಲಿಗೆ ಹತ್ತಿರವಾದಷ್ಟೂ, ಓರೆಯಾದಷ್ಟೂ ಹೆಚ್ಚು ಬಲದ್ದು ಬೇಕಾಗುತ್ತದೆ. ಕೈಯಿಂದ ಮುಕ್ಕಾಲು ಎತ್ತಿದ ಮೇಲೆ ಅದೇ ಎತ್ತಿಕೊಳ್ಳುವಂತಿದ್ದರೆ ಸಾಕು. ಚಿಲಕ ತೆಗೆದ ಕೂಡಲೇ ಜಿಗಿದೇಳುವಷ್ಟು ಬಲದ್ದನ್ನು ಹಾಕಿದರೆ ಓಡುವಾಗಲೂ ಅದು ಚಿಲಕವನ್ನು ತಳ್ಳುತ್ತಲೇ ಇರುತ್ತದೆ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಒಳಗಿನ ಅನಿಲ ಹಿಗ್ಗಿ ಇನ್ನೂ ಜೋರಾಗಿ ತಳ್ಳುತ್ತದೆ, ನಂದಿಬೆಟ್ಟದ ಚಳಿಯಲ್ಲಿ ಸೋಲುತ್ತದೆ. ಆದ್ದರಿಂದ ಶಾಕ್ ಎಷ್ಟೇ ಚೆನ್ನಾಗಿರಲಿ, ಒಳಗೆ ಮಲಗುವ ಮೊದಲು ಎರಡೂ ಕಡೆ ಊರುಗೋಲು ಕೊಡಿ.

ಚಿಲಕ ಎರಡು ಹಾಕಿಸಿ, ಲಾರಿಯ ಟೂಲ್ ಬಾಕ್ಸ್‌ಗೆ ಇರುವಂತೆ ಎಳೆದು ಮಡಚುವವು, ಅವಕ್ಕೆ ಪಿನ್ ಬೇರೆ. ಅದರ ಮೇಲೂ ಒಂದು ಪಟ್ಟಿ ಬಿಗಿದೇ ನಾನು ಹೊರಡುವುದು.

ಕ್ಯಾನ್ವಾಸ್ ಕೆಲಸಕ್ಕೆ ಟೆಂಟ್ ಕಂಪನಿ ಹುಡುಕಿಕೊಂಡು ಹೋಗುವುದು ಬೇಡ. ಆಟೊ ಹುಡ್ ಹೊಲಿಯುವವರು ನಿಮ್ಮ ಊರಿನಲ್ಲೇ ಇದ್ದಾರೆ. ದಪ್ಪ ಬಟ್ಟೆಗೆ ತಕ್ಕ ಹೊಲಿಗೆ ಯಂತ್ರ, ಮಳೆ ಎಲ್ಲಿಂದ ನುಗ್ಗುತ್ತದೆ ಎಂಬ ಅನುಭವ ಎರಡೂ ಅವರಲ್ಲಿದೆ. ಚಿಂತಾಮಣಿಯಲ್ಲಿ ನನ್ನದನ್ನು ಹೊಲಿದ ಹಿರಿಯರು ಬಟ್ಟೆಗೆ ಕತ್ತರಿ ಹಾಕುವ ಮೊದಲು ಛಾವಣಿ ಎತ್ತಿಸಿ, ಇಳಿಸಿ, ಮತ್ತೆ ಎತ್ತಿಸಿ, ಹಳೆಯ ಸೀರೆಯೊಂದನ್ನು ಸುತ್ತ ಪಿನ್ ಮಾಡಿ, ಮಡಚುವಾಗ ಅದು ಯಾವ ಕಡೆ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡರು. ಬಟ್ಟೆ ಒಳಕ್ಕೇ ಬೀಳಬೇಕು ಸ್ವಾಮಿ, ಹೊರಕ್ಕೆ ಬಿದ್ದರೆ ಚಿಲಕಕ್ಕೆ ಸಿಕ್ಕಿ ಹರಿಯುತ್ತದೆ ಎಂದರು. ಮೂಲೆಗಳಲ್ಲಿ ಒಳಗಿನಿಂದ ಎಲಾಸ್ಟಿಕ್ ಕಟ್ಟಿ ಎಳೆದುಕೊಳ್ಳುವಂತೆ ಮಾಡಿಕೊಟ್ಟಿದ್ದು ಅವರದೇ ಯೋಚನೆ. ಸೀರೆಯ ಅಚ್ಚನ್ನು ನೀವೂ ಮಾಡಿಸಿ, ಬಟ್ಟೆಯ ದುಡ್ಡು ಉಳಿಯುತ್ತದೆ.

ಪ್ಲಾಸ್ಟಿಕ್ ತಾಡಪಾಲು ಅಗ್ಗ, ಆದರೆ ಒಳಗಿನ ಉಸಿರು ಬೆಳಗಿನ ಜಾವ ಹನಿಯಾಗಿ ಮುಖಕ್ಕೆ ಬೀಳುತ್ತದೆ. ಹತ್ತಿಯ ಕ್ಯಾನ್ವಾಸ್ ಉಸಿರಾಡುತ್ತದೆ. ಒದ್ದೆಯಿರುವಾಗ ಮಡಚಿಟ್ಟರೆ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಮನೆಗೆ ಬಂದ ದಿನವೇ ಎತ್ತಿ ಒಣಗಿಸಬೇಕು. ಛಾವಣಿಯ ಅಂಚು ಬಟ್ಟೆಯ ಹೊರಗೆ ನಾಲ್ಕು ಬೆರಳು ಇಳಿದಿರಲಿ, ಮಂಗಳೂರು ಹೆಂಚು ಕೆಳಗಿನ ಹೆಂಚಿನ ಮೇಲೆ ಕೂರುವಂತೆ. ಕಿಟಕಿಗೆ ಸೊಳ್ಳೆಪರದೆ, ಎದುರುಬದುರು ಎರಡು ಕಡೆ.

ಆಮೇಲೆ ನೀರಿನ ಪರೀಕ್ಷೆ. ನೆಲದ ತುಂಬ ಹಳೆಯ ದಿನಪತ್ರಿಕೆ ಹರಡಿ, ಹೊರಗಿನಿಂದ ಬೋರ್‌ವೆಲ್ ಪೈಪಿನಲ್ಲಿ ಅರ್ಧ ಗಂಟೆ ನೀರು ಬಿಡಿ. ಒದ್ದೆಯಾದ ಕಾಗದದ ನೇರಕ್ಕೆ ಮೇಲೆ ನೋಡಿದರೆ ಸೋರುವ ಹೊಲಿಗೆ ಸಿಗುತ್ತದೆ.

ಹಂತ 8: ವಿದ್ಯುತ್ತು, ಒಲೆ

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ, ಏಕೆಂದರೆ ಜನ ಅತಿ ಹೆಚ್ಚು ದುಡ್ಡು ಸುರಿಯುವುದು ಇಲ್ಲಿ, ಅತಿ ಕಡಿಮೆ ಬೇಕಾಗುವುದೂ ಇಲ್ಲೇ. 12 ವೋಲ್ಟ್ ಫ್ಯಾನು ಒಂದೂವರೆ ಆಂಪಿಯರ್‌ನಂತೆ 8 ಗಂಟೆಗೆ 12, ದೀಪಕ್ಕೆ 2, ಮೊಬೈಲ್‌ಗಳಿಗೆ 6, ಒಟ್ಟು 20 ಆಂಪಿಯರ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 40 ಆಂಪಿಯರ್ ಅವರ್‌ನದು ಒಂದು ರಾತ್ರಿಗೆ ಸಾಕು. ವಾಹನದ ಬ್ಯಾಟರಿಯಿಂದಲೇ ಎಳೆದುಕೊಂಡರೆ ಬೆಳಗ್ಗೆ ತಳ್ಳಲು ಜನ ಹುಡುಕಬೇಕು. ಎರಡನೆಯ ಬ್ಯಾಟರಿ ಬೇರೆಯೇ ಇರಲಿ, ನಡುವೆ ಡಿಸಿ ಚಾರ್ಜರ್ (ಓಡುವಾಗ ಎರಡನೆಯ ಬ್ಯಾಟರಿಯನ್ನು ತುಂಬುವ ಸಲಕರಣೆ) ಇರಲಿ. ಫ್ಯೂಸ್ ಬ್ಯಾಟರಿಯಿಂದ ಗೇಣುದ್ದದೊಳಗೆ ಇರಬೇಕು. ತಗಡು ದಾಟುವ ಪ್ರತಿ ತೂತಿಗೆ ರಬ್ಬರ್ ಬಳೆ ಹಾಕಿ. ಒರಟು ದಾರಿಯ ನಡುಕದಲ್ಲಿ ತಗಡಿನ ಅಂಚು ವೈರಿನ ಸಿಪ್ಪೆಯನ್ನು ಗರಗಸದಂತೆ ಕೊಯ್ಯುತ್ತದೆ.

ಅಡುಗೆ ಹೊರಗೆ. ಗ್ಯಾಸ್ ಸಿಲಿಂಡರ್ ರಾತ್ರಿ ಹೊರಗೆ. ಚಳಿಯೆಂದು ಇದ್ದಿಲ ಕೆಂಡ ಒಳಗಿಟ್ಟುಕೊಂಡು ಮಲಗಿದರೆ ಕಾರ್ಬನ್ ಮೊನಾಕ್ಸೈಡ್‌ನಿಂದ ಎಚ್ಚರವೇ ಆಗದೆ ಸಾಯುತ್ತೀರಿ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಹಂತ 9: ಟೈರು ಮತ್ತು ಪ್ರಯೋಗದ ಓಟ

ದೊಡ್ಡ ಟೈರಿನ ಆಸೆ ಬಿಡಿ. ಕಂಪನಿ ಹೇಳಿದ ಅಳತೆಯಲ್ಲೇ ಗಟ್ಟಿ ಪಕ್ಕದ, ಆಳ ಗೀರಿನ ಟೈರು ಹಾಕಿ. ನಮ್ಮ ಮೂರು ಜಿಲ್ಲೆಗಳ ಕೆರೆಯಂಗಳದಲ್ಲಿ ಕಲ್ಲಿಗಿಂತ ದೊಡ್ಡ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಟ್ಯೂಬ್‌ಲೆಸ್ ಪಂಕ್ಚರ್ ಬತ್ತಿ, ಅದನ್ನು ಚುಚ್ಚುವ ಸಲಕರಣೆ, 12 ವೋಲ್ಟ್ ಗಾಳಿ ಪಂಪ್ ಇಲ್ಲದೆ ಹೊರಡಬೇಡಿ. ಹಾಸುಬಂಡೆ, ಉರುಟು ಕಲ್ಲಿನ ದಾರಿಯಲ್ಲಿ ಐದನೇ ಒಂದು ಪಾಲು ಗಾಳಿ ಇಳಿಸಿ 30 ಕಿಲೋಮೀಟರ್ ವೇಗ ಮೀರದೆ ಓಡಿಸಿ. ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಿ.

ಛಾವಣಿ ಇಳಿಸಿದಾಗ ನೆಲದಿಂದ ಎಷ್ಟು ಎತ್ತರ ಎಂದು ಅಳೆದು, ಆ ಅಂಕಿಯನ್ನು ಸ್ಟೀರಿಂಗ್ ಎದುರು ಅಂಟಿಸಿ. ರೈಲ್ವೆ ಕೆಳಸೇತುವೆಯ ಮುಂದಿನ ಕಬ್ಬಿಣದ ಅಡ್ಡಪಟ್ಟಿ ಕಂಡಾಗ ಇಳಿದು ನಿಂತು ಕಣ್ಣಳತೆ ಹಾಕುವ ಕಷ್ಟ ತಪ್ಪುತ್ತದೆ.

ಮೊದಲ ರಾತ್ರಿ ಮನೆಯಂಗಳದಲ್ಲೇ ಮಲಗಿ. ನಗುವವರು ನಗಲಿ. ಮರುದಿನ 20 ಕಿಲೋಮೀಟರ್ ಒಳ್ಳೆಯ ರಸ್ತೆ, ವಾಪಸ್, ಎಲ್ಲ ನಟ್ ಬಿಗಿ. ಆಮೇಲೆ 20 ಕಿಲೋಮೀಟರ್ ಮಣ್ಣುದಾರಿ, ಮತ್ತೆ ಬಿಗಿ. ಇದೆಲ್ಲ ಆದ ಮೇಲೆ ಪೂರ್ತಿ ಸಾಮಾನು, ನೀರು ತುಂಬಿಸಿಕೊಂಡು ಇನ್ನೊಮ್ಮೆ ವೇಬ್ರಿಡ್ಜ್‌ಗೆ ಹೋಗಿ, ಹಳೆಯ ಚೀಟಿಯ ಪಕ್ಕ ಹೊಸದನ್ನು ಇಟ್ಟು ನೋಡಿ. ಆಗಲೇ ಹಾಸಿಗೆ ಕೊಳ್ಳುವ ದಿನ.

ತಂಗುವ ಜಾಗದ ಬಗ್ಗೆ ಎರಡೇ ಮಾತು. ದೇವರಾಯನದುರ್ಗದಂಥ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಒಣಗಿದ ಕೆರೆಯಂಗಳ ಎಷ್ಟೇ ಸಮತಟ್ಟಾಗಿ ಕರೆದರೂ, ಮೋಡ ಕಂಡ ದಿನ ಅದರೊಳಗೆ ಇಳಿಯಬೇಡಿ. ಮಳೆ ನಿಮ್ಮ ತಲೆಯ ಮೇಲೇ ಬೀಳಬೇಕೆಂದಿಲ್ಲ, ಮೇಲಿನ ಕೆರೆ ಕೋಡಿ ಬಿದ್ದರೂ ನೀರು ಬರುತ್ತದೆ.

ಈಗ ಆ ಹಳದಿ ಬಣ್ಣ. ಎಲ್ಲ ಬೋಲ್ಟ್‌ಗಳನ್ನು ಕೊನೆಯ ಸಲ ಬಿಗಿದ ಮೇಲೆ ನಟ್‌ನಿಂದ ಪಕ್ಕದ ಪಟ್ಟಿಯವರೆಗೆ ಒಂದೇ ಗೆರೆ ಎಳೆಯಿರಿ, ಕಡ್ಡಿಯಷ್ಟು ತೆಳುವಾಗಿ. ನಾಲ್ಕು ಜೋಡಣೆ, ಕೀಲು, ಶಾಕ್‌ನ ಎರಡೂ ತುದಿ, ಬ್ಯಾಟರಿಯ ಪಟ್ಟಿ, ಯಾವುದನ್ನೂ ಬಿಡಬೇಡಿ. ದಿನಾ ಬೆಳಗ್ಗೆ ಚಹಾ ಕುದಿಯುವಷ್ಟರಲ್ಲಿ ಟಾರ್ಚ್ ಹಿಡಿದು ಒಂದು ಸುತ್ತು ಬನ್ನಿ. ಗೆರೆ ನಟ್‌ನ ಮೇಲೊಂದು ಕಡೆ, ಪಟ್ಟಿಯ ಮೇಲೊಂದು ಕಡೆ ಆಗಿದ್ದರೆ ನಟ್ ತಿರುಗಿದೆ. ಬಿಗಿದು, ಹಳೆಯ ಗೆರೆ ಉಜ್ಜಿ, ಹೊಸದು ಎಳೆಯಿರಿ. ಅದೇ ನಟ್ ಮರುದಿನವೂ ತಿರುಗಿದ್ದರೆ ಅಲ್ಲಿ ಸವೆದಿರುವುದು ಬುಷ್. ಅದನ್ನು ಬದಲಿಸುವವರೆಗೆ ಟಾರು ರಸ್ತೆಯಲ್ಲೇ ನಿಧಾನವಾಗಿ ಊರಿಗೆ ಬನ್ನಿ.